ವೀಸಾದ ತಾರೀಕು ಬೇರೆ, ಉಳಿಯುವ ತಾರೀಕು ಬೇರೆ

ಓದುಗರ ಪ್ರಶ್ನೆ – ನಮ್ಮ ಉತ್ತರ

ಈ ಸಲದ ಪ್ರಶ್ನೆಗಳಲ್ಲಿ ಹೆಚ್ಚಿನವು ಕಾಸರಗೋಡಿನ ಕಡೆಯವು. ಹೊಸೂರು, ತಾಳವಾಡಿ, ಜತ್ತ, ಅಕ್ಕಲಕೋಟೆಗಳಿಂದಲೂ ಕೆಲವು ಬಂದಿವೆ. ಮಕ್ಕಳು ಹೊರದೇಶದಲ್ಲಿ, ಹೆತ್ತವರು ತೋಟದಲ್ಲಿ ಎನ್ನುವ ಮನೆಗಳ ಪ್ರಶ್ನೆಗಳೇ ಜಾಸ್ತಿ. ಶುಲ್ಕದ ಮೊತ್ತಗಳು ಆಗಾಗ ಬದಲಾಗುತ್ತವೆ. ಇಲ್ಲಿ ಹೇಳಿದ ಮೊತ್ತವನ್ನು ಕಟ್ಟುವ ಮೊದಲು ಆಯಾ ದೇಶದ ಸರಕಾರಿ ಜಾಲತಾಣದಲ್ಲಿ ಒಮ್ಮೆ ನೋಡಿಕೊಳ್ಳಿ.

ಪ್ರಶ್ನೆ: ನನ್ನ ಹೆಂಡತಿ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿದ್ದಾಳೆ. ವೀಸಾ 10 ವರ್ಷದ್ದು, 2033ರ ವರೆಗೂ ಇದೆ. ಹೋಗಿ ನಾಲ್ಕೂವರೆ ತಿಂಗಳಾಯಿತು. ಮಗಳು ಇನ್ನೂ ಐದಾರು ತಿಂಗಳು ಇರಲಿ ಅನ್ನುತ್ತಾಳೆ. ವೀಸಾ ಇಷ್ಟು ವರ್ಷ ಇರುವಾಗ ವಿಸ್ತರಣೆ ಯಾಕೆ?
– ಬದಿಯಡ್ಕದ ಓದುಗರು

ಉತ್ತರ: ಬೇಕೇ ಬೇಕು. ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾ ಆ ದೇಶದ ಬಾಗಿಲು ತಟ್ಟಲು ಕೊಟ್ಟ ಅನುಮತಿ ಅಷ್ಟೆ. ಒಳಗೆ ಎಷ್ಟು ದಿನ ಇರಬಹುದೆಂದು ತೀರ್ಮಾನಿಸುವವರು ವಿಮಾನ ನಿಲ್ದಾಣದ ಅಧಿಕಾರಿ. ಅವರು ಕೊಟ್ಟ ತಾರೀಕು ಐ-94 ಎಂಬ ದಾಖಲೆಯಲ್ಲಿರುತ್ತದೆ. ಪ್ರವಾಸಿ ವೀಸಾದಲ್ಲಿ ಹೋದವರಿಗೆ ಸಾಮಾನ್ಯವಾಗಿ ಆರು ತಿಂಗಳು ಸಿಗುತ್ತದೆ, ಆದರೆ ಅದನ್ನು ನಂಬಿ ಕೂರಬೇಡಿ. ಅಮೆರಿಕದ ಗಡಿ ಇಲಾಖೆಯ ಐ-94 ಜಾಲತಾಣದಲ್ಲಿ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ಸಂಖ್ಯೆ ಹಾಕಿದರೆ ತಾರೀಕು ಕಾಣುತ್ತದೆ. ಮಗಳಿಗೆ ಹೇಳಿ ಇವತ್ತೇ ನೋಡಿಸಿ, ಆ ಪುಟವನ್ನು ಅಚ್ಚು ತೆಗೆದಿಡಿ.

ವಿಸ್ತರಣೆಗೆ ಐ-539 ಎಂಬ ಅರ್ಜಿ. ಯುಎಸ್‌ಸಿಐಎಸ್ ಎನ್ನುವ ವಲಸೆ ಇಲಾಖೆಗೆ ಆನ್‌ಲೈನಿನಲ್ಲಿ ಹಾಕಿದರೆ 420 ಡಾಲರ್, ಕಾಗದದಲ್ಲಿ ಕಳಿಸಿದರೆ 470. ಇದು 2024ರ ಏಪ್ರಿಲಿನಿಂದ ಇರುವ ದರ. ಅರ್ಜಿ ಐ-94ರ ತಾರೀಕಿನ ಒಳಗೆ ಇಲಾಖೆಯ ಕೈಸೇರಬೇಕು. 45 ದಿನ ಮೊದಲೇ ಹಾಕಿ ಎಂಬುದು ಇಲಾಖೆಯದೇ ಸಲಹೆ. ನಿಮ್ಮ ಲೆಕ್ಕದ ಪ್ರಕಾರ ಆ ದಿನ ಹತ್ತಿರ ಬಂದಿದೆ.

ಅರ್ಜಿಯ ಜೊತೆ ಒಂದು ಪತ್ರ ಬೇಕು. ಹೆಚ್ಚಿನವರು ಸೋಲುವುದು ಈ ಪತ್ರದಲ್ಲೇ. 'ಮಗಳ ಜೊತೆ ಇನ್ನಷ್ಟು ದಿನ ಇರಬೇಕೆಂದಿದೆ' ಎಂದು ಎರಡು ಸಾಲು ಬರೆದರೆ ಸಾಲದು. ಯಾಕೆ ಇನ್ನೂ ಇರಬೇಕು, ಯಾವ ತಾರೀಕಿಗೆ ವಾಪಸು, ಈ ಅವಧಿಯ ಖರ್ಚು ಯಾರದು, ಊರಿಗೆ ಮರಳಲೇಬೇಕಾದ ಕಾರಣವೇನು – ಈ ನಾಲ್ಕಕ್ಕೂ ಉತ್ತರ ಇರಬೇಕು, ಪ್ರತಿಯೊಂದಕ್ಕೂ ಕಾಗದ ಇರಬೇಕು. ಹೆರಿಗೆಯಲ್ಲಿ ತೊಂದರೆಯಾಗಿದ್ದರೆ ವೈದ್ಯರ ಪತ್ರ, ಅಳಿಯನ ಸಂಬಳ ಚೀಟಿ ಮತ್ತು ಬ್ಯಾಂಕ್ ವಿವರ, ಹೊಸ ತಾರೀಕಿನ ಹಿಂತಿರುಗುವ ಟಿಕೆಟು, ಊರಿನಲ್ಲಿ ನೀವು ಇದ್ದೀರಿ ಎಂಬುದಕ್ಕೆ ಮನೆ-ತೋಟದ ತೆರಿಗೆ ರಶೀದಿ. ಮಲಯಾಳಂ ಅಥವಾ ಕನ್ನಡದಲ್ಲಿರುವ ಕಾಗದಕ್ಕೆ ಇಂಗ್ಲಿಷ್ ಅನುವಾದ ಸೇರಿಸಿ, ಅನುವಾದಿಸಿದವರು ಎರಡೂ ಭಾಷೆ ಬಲ್ಲೆನೆಂದು ಸಹಿ ಹಾಕಿರಬೇಕು.

ಸಕಾಲದಲ್ಲಿ ಅರ್ಜಿ ಹೋಗಿದ್ದರೆ, ತೀರ್ಮಾನ ಬರುವ ತನಕ ಅಲ್ಲಿರುವ ದಿನಗಳು ಅಕ್ರಮ ವಾಸವೆಂದು ಲೆಕ್ಕಕ್ಕೆ ಬರುವುದಿಲ್ಲ. ಆದರೆ ನೀವು ಕೇಳಿಕೊಂಡ ತಾರೀಕು ಮುಗಿದರೂ ಉತ್ತರ ಬಾರದಿದ್ದರೆ? ಆಗ ಹೊರಡಬೇಕು, ಇಲ್ಲವೇ ಆ ತಾರೀಕಿಗೆ ಮೊದಲು ಇನ್ನೊಂದು ಅರ್ಜಿ ಹಾಕಬೇಕು. ತಿರಸ್ಕಾರ ಬಂದರೆ ತಡಮಾಡದೆ ಹೊರಡಬೇಕು. ಆಗ 10 ವರ್ಷದ ಆ ವೀಸಾವೂ ಅನೂರ್ಜಿತವಾಗುವ ಅಪಾಯವಿದೆ. ಅರ್ಜಿಯನ್ನೇ ಹಾಕದೆ ಗಡುವು ದಾಟಿದವರ ವೀಸಾ ಅಲ್ಲಿಗೇ ಬಿದ್ದುಹೋಗುತ್ತದೆ. 180 ದಿನ ಮೀರಿ ಅಕ್ರಮವಾಗಿ ಇದ್ದು ಹೊರಬಂದರೆ 3 ವರ್ಷ, ಒಂದು ವರ್ಷವೋ ಅದಕ್ಕೂ ಹೆಚ್ಚೋ ಇದ್ದರೆ 10 ವರ್ಷ ಮತ್ತೆ ಪ್ರವೇಶವಿಲ್ಲ.

ನಮ್ಮ ಅಭಿಪ್ರಾಯ ಕೇಳಿದರೆ, ವೈದ್ಯಕೀಯ ಕಾರಣ ಇಲ್ಲದಿದ್ದರೆ ಅವರು ಆರು ತಿಂಗಳೊಳಗೆ ಹೊರಟು ಬರಲಿ. ಅಷ್ಟೇ ಸಮಯ ಊರಲ್ಲಿದ್ದು ಮತ್ತೆ ಹೋಗಲಿ. ಪ್ರತಿ ಸಲವೂ ವಿಸ್ತರಿಸಿಕೊಂಡವರನ್ನು ಮುಂದಿನ ಸಲ ವಿಮಾನ ನಿಲ್ದಾಣದಲ್ಲಿ ಹೆಚ್ಚು ಹೊತ್ತು ನಿಲ್ಲಿಸಿ ಕೇಳುತ್ತಾರೆ. ಆರು ತಿಂಗಳ ಬದಲು ಒಂದೇ ತಿಂಗಳು ಕೊಡುವ ಅಧಿಕಾರವೂ ಅಲ್ಲಿನ ಅಧಿಕಾರಿಗಿದೆ.

ಪ್ರಶ್ನೆ: ತಮ್ಮ ಹತ್ತನೇ ತರಗತಿ ಪಾಸಾಗಿಲ್ಲ. ದುಬೈಗೆ ಎರಡು ತಿಂಗಳ ವಿಸಿಟ್ ವೀಸಾ ಮಾಡಿಸಿ, ಅಲ್ಲೇ ವಿಸ್ತರಿಸುತ್ತ ಕೆಲಸ ಹುಡುಕಿಕೊಡುತ್ತೇನೆಂದು ಏಜೆಂಟರೊಬ್ಬರು ಒಂದೂಕಾಲು ಲಕ್ಷ ಕೇಳಿದ್ದಾರೆ. ಕೊಡಬಹುದೇ?
– ಕುಂಬಳೆಯ ಓದುಗರು

ಉತ್ತರ: ಕೊಡಬೇಡಿ. ಒಂದೊಂದಾಗಿ ಕಾರಣ ಹೇಳುತ್ತೇವೆ, ತಮ್ಮನಿಗೂ ಓದಿ ಹೇಳಿ.

ಹತ್ತನೇ ಪಾಸಾಗದವರ ಪಾಸ್‌ಪೋರ್ಟು ಸಾಮಾನ್ಯವಾಗಿ ಇಸಿಆರ್ ವರ್ಗದ್ದು, ಎಂದರೆ ಕೆಲಸಕ್ಕೆ ಹೊರಡುವ ಮೊದಲು ಸರಕಾರದ ತಪಾಸಣೆ ಬೇಕಾದದ್ದು. ಅಂಥವರು ಯುಎಇ, ಸೌದಿ, ಕತಾರ್, ಕುವೈತ್, ಒಮಾನ್, ಬಹರೈನ್ ಸೇರಿ 18 ದೇಶಗಳಿಗೆ ಕೆಲಸಕ್ಕಾಗಿ ಹೋಗುವಾಗ 1983ರ ವಲಸೆ ಕಾಯ್ದೆಯಂತೆ ಇ-ಮೈಗ್ರೇಟ್ ಎಂಬ ಭಾರತ ಸರಕಾರದ ಜಾಲತಾಣದ ಮೂಲಕ ಅನುಮತಿ ಪಡೆಯಲೇಬೇಕು. ಪ್ರವಾಸಕ್ಕೆ ಹೋಗುವವರಿಗೆ ಈ ಅನುಮತಿ ಬೇಡ. ಏಜೆಂಟರು ವಿಸಿಟ್ ವೀಸಾ ಹಿಡಿಯುವುದು ಇದೇ ಸಂದಿಯಿಂದ ನುಸುಳಲು. ಮಂಗಳೂರಿನಲ್ಲೋ ಕಣ್ಣೂರಿನಲ್ಲೋ ವಲಸೆ ಅಧಿಕಾರಿಗೆ ಸಂಶಯ ಬಂದರೆ ತಮ್ಮನನ್ನು ವಿಮಾನ ಹತ್ತಿಸದೆ ಮನೆಗೆ ಕಳಿಸುತ್ತಾರೆ. ಹತ್ತಿಸಿದರೂ ಅಲ್ಲಿ ಸಂಬಳ ಕೊಡದ ಮಾಲಿಕನ ಮೇಲೆ ದೂರು ಕೊಡಲು ಕೈಯಲ್ಲಿ ಒಪ್ಪಂದ ಪತ್ರವೇ ಇರುವುದಿಲ್ಲ.

ಸರಿಯಾದ ದಾರಿಯಲ್ಲಿ ಹೋದರೆ ನೋಂದಾಯಿತ ನೇಮಕಾತಿ ಏಜೆಂಟರು ತೆಗೆದುಕೊಳ್ಳಬಹುದಾದ ಸೇವಾಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಯ ಮಿತಿ ಇದೆ. ಒಂದೂಕಾಲು ಲಕ್ಷ ಎಂದಾಗಲೇ ಉತ್ತರ ಸಿಕ್ಕಿತಲ್ಲ. ಇ-ಮೈಗ್ರೇಟ್ ಜಾಲತಾಣದಲ್ಲಿ ಏಜೆಂಟರ ನೋಂದಣಿ ಸಂಖ್ಯೆ ಹಾಕಿ, ಅದು ಚಾಲ್ತಿಯಲ್ಲಿದೆಯೇ ನೋಡಬಹುದು. ಆ ದಾರಿಯಲ್ಲಿ ಹೋಗುವವರಿಗೆ ಪ್ರವಾಸಿ ಭಾರತೀಯ ವಿಮಾ ಯೋಜನೆಯ 10 ಲಕ್ಷದ ವಿಮೆಯೂ ಆಗುತ್ತದೆ. ಎರಡು ವರ್ಷದ ಕಂತು 275 ರೂಪಾಯಿ.

ಯುಎಇ ಕಡೆಯ ನಿಯಮವೂ ಈಗ ಬಿಗಿ. ವಿಸಿಟ್ ವೀಸಾದವರನ್ನು ಕೆಲಸಕ್ಕೆ ಇಟ್ಟುಕೊಂಡ ಮಾಲಿಕರಿಗೆ 1 ಲಕ್ಷದಿಂದ 10 ಲಕ್ಷ ದಿರ್ಹಮ್ ದಂಡವೆಂದು 2024ರಲ್ಲಿ ಕಾನೂನು ತಿದ್ದಿದ್ದಾರೆ. ಹೀಗಿರುವಾಗ ನಂಬಿಕೆಯ ಕಂಪೆನಿ ಯಾವುದೂ ಇಂಥ ಕೆಲಸಕ್ಕೆ ಕೈಹಾಕುವುದಿಲ್ಲ, ಹಾಕುವವರು ಯಾರೆಂದು ನೀವೇ ಊಹಿಸಿ.

ಇನ್ನು ವಿಸ್ತರಣೆಯ ಮಾತು. ವಿಸಿಟ್ ವೀಸಾ 30 ದಿನದ್ದೂ 60 ದಿನದ್ದೂ ಇದೆ. ದೇಶದ ಒಳಗಿದ್ದೇ 30 ದಿನಕ್ಕೆ ವಿಸ್ತರಿಸಬಹುದು, ಆದರೆ ಮುಗಿಯುವ ಮುನ್ನವೇ ಮಾಡಿಸಬೇಕು. ವೀಸಾ ಯಾರ ಹೆಸರಿನಲ್ಲಿ ಹೊರಟಿತೋ ಆ ಟ್ರಾವೆಲ್ಸ್ ಅಥವಾ ಪ್ರಾಯೋಜಕರ ಮೂಲಕವೇ ಹೋಗಬೇಕು. ಏಜೆಂಟರು ಫೋನ್ ಎತ್ತದಿದ್ದರೆ ತಮ್ಮ ಅಲ್ಲಿ ಸಿಕ್ಕಿಬಿದ್ದಂತೆಯೇ. ಮೊದಲಿದ್ದ ಹತ್ತು ದಿನದ ರಿಯಾಯಿತಿ ಈಗ ಇಲ್ಲ. ಗಡುವು ದಾಟಿದ ದಿನದಿಂದಲೇ ದಿನಕ್ಕೆ 50 ದಿರ್ಹಮ್ ದಂಡ ಏರುತ್ತದೆ. ಒಂದು ತಿಂಗಳಿಗೆ 1,500. ಟ್ರಾವೆಲ್ಸಿನವರು 'ತಲೆಮರೆಸಿಕೊಂಡಿದ್ದಾನೆ' ಎಂದು ವರದಿ ಕೊಟ್ಟರೆ ದಂಡದ ಮೇಲೆ ಮತ್ತೊಂದು ತೊಡಕು; ಅದು ಪರಿಹಾರವಾಗದೆ ಹೊರಡಲೂ ಆಗದು.

ನಿಜವಾಗಿ ನೆಂಟರನ್ನು ನೋಡಲು ಹೋದವರಿಗೆ ಅಲ್ಲಿ ಕೆಲಸದ ಕರೆ ಬಂದರೆ ಅದು ತಪ್ಪಲ್ಲ. ಕಂಪೆನಿ ಮೊದಲು ಕೆಲಸದ ಪರವಾನಗಿ ತೆಗೆದು, ದೇಶದ ಒಳಗೇ ವೀಸಾ ಸ್ಥಿತಿ ಬದಲಿಸಿಕೊಡುತ್ತದೆ. ಆ ಖರ್ಚನ್ನು ಕಂಪೆನಿಯೇ ಭರಿಸಬೇಕೆಂದು ಅಲ್ಲಿನ ಕಾರ್ಮಿಕ ಕಾನೂನು ಹೇಳುತ್ತದೆ. ಕಾರ್ಮಿಕ ಸಚಿವಾಲಯದ ನಮೂನೆಯ ಆಫರ್ ಲೆಟರ್ ಮಲಯಾಳಂ, ತಮಿಳು, ಹಿಂದಿಯಲ್ಲೂ ಸಿಗುತ್ತದೆ. ನಮ್ಮ ಕಡೆಯವರಿಗೆ ಮಲಯಾಳಂ ಓದಲು ಬರುವುದರಿಂದ ಆ ಪ್ರತಿಯನ್ನೇ ಕೇಳಿ ಪಡೆದು, ಸಂಬಳದ ಸಾಲು ಓದಿ, ಆಮೇಲೆ ಸಹಿ ಹಾಕಲಿ. ಸಂಶಯ ಬಂದರೆ ನೋರ್ಕ ಎಂಬ ಕೇರಳ ಸರಕಾರದ ಅನಿವಾಸಿಗಳ ಇಲಾಖೆಯ ಕಾಸರಗೋಡು ಘಟಕದಲ್ಲಿ ವಿಚಾರಿಸಲು ದುಡ್ಡು ಬೇಕಿಲ್ಲ.

ಪ್ರಶ್ನೆ: ನನ್ನ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದೆ, ಸರ್‌ನೇಮ್ ಜಾಗ ಖಾಲಿ. ಅಬುಧಾಬಿಯಲ್ಲಿರುವ ಮಗನ ಹತ್ತಿರ ಹೋಗಲು ತೊಂದರೆಯೇ?
– ಉಪ್ಪಳದ ಓದುಗರು

ಉತ್ತರ: 2022ರ ನವೆಂಬರಿನಿಂದ ಒಂಟಿ ಹೆಸರಿನ ಪಾಸ್‌ಪೋರ್ಟಿನವರಿಗೆ ಯುಎಇ ವಿಸಿಟ್ ವೀಸಾದಲ್ಲಿ ಪ್ರವೇಶ ಕೊಡುತ್ತಿಲ್ಲ. ಎರಡನೇ ಪುಟದಲ್ಲಿ ತಂದೆಯ ಹೆಸರೋ ಕುಟುಂಬದ ಹೆಸರೋ ಇದ್ದರೆ ಅದನ್ನು ಒಪ್ಪುತ್ತಾರೆ. ಆದರೆ ವಿಮಾನ ಕಂಪೆನಿಯ ಕೌಂಟರಿನಲ್ಲಿ ವಾದ ಮಾಡುವ ಬದಲು, ಮರುವಿತರಣೆಗೆ ಅರ್ಜಿ ಹಾಕಿ ಹೆಸರನ್ನು ಎರಡು ಭಾಗ ಮಾಡಿಸಿಕೊಳ್ಳುವುದೇ ನೆಮ್ಮದಿ. ಕಾಸರಗೋಡಿನವರು ಕೋಝಿಕ್ಕೋಡ್ ಪ್ರಾದೇಶಿಕ ಕಚೇರಿಯ ವ್ಯಾಪ್ತಿಗೆ ಬರುತ್ತಾರೆ. ಒಂದು ಎಚ್ಚರಿಕೆ: ಪಾಸ್‌ಪೋರ್ಟಿನಲ್ಲಿ ಮನೆ ಹೆಸರು ಸೇರಿಸಿ ಆಧಾರಿನಲ್ಲಿ ಸೇರಿಸದೆ ಬಿಟ್ಟರೆ ಮುಂದೆ ಪ್ರತಿ ಅರ್ಜಿಯಲ್ಲೂ 'ಇಬ್ಬರೂ ಒಬ್ಬರೇ' ಎಂದು ಅಫಿಡವಿಟ್ ಬರೆದುಕೊಡುತ್ತಿರಬೇಕಾಗುತ್ತದೆ. ಎರಡನ್ನೂ ಒಟ್ಟಿಗೆ ಸರಿಪಡಿಸಿ.

ಪ್ರಶ್ನೆ: ಮಗ ಟೊರೊಂಟೊದಲ್ಲಿ ಪಿಆರ್ (ಖಾಯಂ ನಿವಾಸಿ). ನಾವಿಬ್ಬರೂ ಪ್ರತಿ ಸಲ ಆರು ತಿಂಗಳಿಗೆ ವಾಪಸು ಬರುವುದು ಕಷ್ಟವಾಗಿದೆ. ಅಲ್ಲೇ ವಿಸ್ತರಿಸುವುದೋ, ಸೂಪರ್ ವೀಸಾ ಮಾಡುವುದೋ?
– ಹೊಸೂರಿನ ಓದುಗರು

ಉತ್ತರ: ವರ್ಷಕ್ಕಿಂತ ಹೆಚ್ಚು ಇರುವ ಯೋಚನೆ ಇದ್ದರೆ, ಹೆತ್ತವರು ಮತ್ತು ಅಜ್ಜ-ಅಜ್ಜಿಯರಿಗೆಂದೇ ಇರುವ ಸೂಪರ್ ವೀಸಾ. ಅದರಲ್ಲಿ ಒಂದು ಪ್ರವೇಶಕ್ಕೆ 5 ವರ್ಷದ ತನಕ ಇರಬಹುದು, ಅಲ್ಲಿಂದಲೇ ಇನ್ನೂ 2 ವರ್ಷಕ್ಕೆ ವಿಸ್ತರಣೆ ಕೇಳಬಹುದು. ಆದರೆ ಅರ್ಜಿ ಹಾಕುವಾಗ ನೀವು ಕೆನಡಾದ ಹೊರಗಿರಬೇಕು. ವೈದ್ಯಕೀಯ ತಪಾಸಣೆ, ಮಗನ ಆಹ್ವಾನ ಪತ್ರ, ಕನಿಷ್ಠ 1 ಲಕ್ಷ ಕೆನಡಿಯನ್ ಡಾಲರ್ ರಕ್ಷಣೆಯ ಒಂದು ವರ್ಷದ ಆರೋಗ್ಯ ವಿಮೆ, ಮತ್ತು ಮಗನ ಆದಾಯ ನಿಗದಿತ ಮಟ್ಟದಲ್ಲಿದೆ ಎಂಬ ಪುರಾವೆ ಬೇಕು. ಆ ಮಟ್ಟ ಲೆಕ್ಕ ಹಾಕುವಾಗ ಮನೆಯಲ್ಲಿ ಈಗ ಇರುವವರ ಜೊತೆ ನಿಮ್ಮಿಬ್ಬರ ತಲೆಯೂ ಸೇರುತ್ತದೆ; ಇದನ್ನು ಮರೆತು ತಿರಸ್ಕಾರವಾದ ಅರ್ಜಿಗಳು ಬಹಳ. ಬಿಪಿ, ಸಕ್ಕರೆ ಕಾಯಿಲೆ ಇದ್ದರೆ ವಿಮೆ ಕೊಳ್ಳುವಾಗ ಮುಚ್ಚಿಡಬೇಡಿ. ಮುಚ್ಚಿಟ್ಟರೆ ಆಸ್ಪತ್ರೆಯ ಬಿಲ್ಲು ಬಂದ ದಿನ ವಿಮೆಯವರು ಕೈಕೊಡುತ್ತಾರೆ.

ಸಾಮಾನ್ಯ ವಿಸಿಟರ್ ವೀಸಾದಲ್ಲೇ ಹೋಗಿ ಒಂದೆರಡು ತಿಂಗಳು ಹೆಚ್ಚು ಬೇಕಾದರೆ 'ವಿಸಿಟರ್ ರೆಕಾರ್ಡ್'ಗೆ ಅರ್ಜಿ ಹಾಕಿ, ತಲೆಗೆ 100 ಕೆನಡಿಯನ್ ಡಾಲರ್. ಅಧಿಕಾರಿ ಬೇರೆ ತಾರೀಕು ಬರೆಯದಿದ್ದರೆ ಒಳಬಂದ ದಿನದಿಂದ ಆರು ತಿಂಗಳೆಂದು ಲೆಕ್ಕ. ಅದು ಮುಗಿಯಲು 30 ದಿನವಿರುವಾಗಲೇ ಹಾಕಬೇಕು. ಅರ್ಜಿ ಬಾಕಿ ಇರುವ ತನಕ ಅಲ್ಲಿರುವುದು ಕ್ರಮಬದ್ಧ. ನಡುವೆ ಕೆನಡಾ ಬಿಟ್ಟು ಹೊರಬಂದರೆ ಆ ರಕ್ಷಣೆ ಕಳಚುತ್ತದೆ. ಗಡುವು ತಪ್ಪಿಹೋದರೆ 90 ದಿನದ ಒಳಗೆ ಸ್ಥಿತಿ ಮರಳಿ ಕೊಡಿ ಎಂದು ಕೇಳುವ ಅವಕಾಶ ಒಂದಿದೆ, ಶುಲ್ಕ ದುಬಾರಿ, ಸಿಗುತ್ತದೆಂಬ ಖಾತ್ರಿ ಇಲ್ಲ.

ಪ್ರಶ್ನೆ: ಪ್ರವಾಸಿ ವೀಸಾದಲ್ಲಿ ಆಸ್ಟ್ರೇಲಿಯಕ್ಕೆ ಹೋಗಿ ಅಲ್ಲಿಂದಲೇ ಪಿಆರ್‌ಗೆ ಹಾಕುವುದು ಸುಲಭ ಎನ್ನುತ್ತಾರೆ. ಹೌದೇ?
– ಅಕ್ಕಲಕೋಟೆಯ ಓದುಗರು

ಉತ್ತರ: ಅಲ್ಲ. ಮೊದಲು ವೀಸಾ ಮಂಜೂರಾತಿ ಪತ್ರದಲ್ಲಿ 8503 ಎಂಬ ಸಂಖ್ಯೆ ಇದೆಯೇ ನೋಡಿ. ಅದಿದ್ದರೆ ಆಸ್ಟ್ರೇಲಿಯದ ಒಳಗಿದ್ದು ಬೇರೆ ವೀಸಾಕ್ಕೆ, ವಿಸ್ತರಣೆಗೆ ಅರ್ಜಿ ಹಾಕುವಂತೆಯೇ ಇಲ್ಲ. ವಿನಾಯಿತಿ ಸಿಗುವುದು ತೀರ ಅಪರೂಪ. ವೀಸಾ ಮುಗಿದು 28 ದಿನದ ಮೇಲೆ ಉಳಿದವರಿಗೆ 3 ವರ್ಷ ಹೊಸ ತಾತ್ಕಾಲಿಕ ವೀಸಾ ಸಿಗದಂತೆ ತಡೆ ಬೀಳುತ್ತದೆ. ಪಿಆರ್‌ಗೆ ಅಂಕ ಬರುವುದು ವಯಸ್ಸು, ಓದು, ಅನುಭವ, ಇಂಗ್ಲಿಷಿನಿಂದ. ಪ್ರವಾಸಿಯಾಗಿ ಹೋಗಿ ಬಂದದ್ದಕ್ಕೆ ಒಂದು ಅಂಕವೂ ಇಲ್ಲ.

ಪ್ರಶ್ನೆ: ಕತಾರಿನಲ್ಲಿ ಎಂಟು ವರ್ಷದಿಂದ ಎಂಜಿನಿಯರ್. ವಯಸ್ಸು 33, ಓದಿದ್ದು ಮಂಗಳೂರಿನಲ್ಲಿ. ಗಲ್ಫಿನಲ್ಲಿ ಎಷ್ಟು ವರ್ಷ ಇದ್ದರೂ ಪಿಆರ್ ಇಲ್ಲ. ಕೆನಡಾ, ಆಸ್ಟ್ರೇಲಿಯ ಎರಡಕ್ಕೂ ಹಾಕಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ?
– ಮುಳ್ಳೇರಿಯದ ಓದುಗರು

ಉತ್ತರ: ಕತಾರ್ ಬಿಡುವ ಮೊದಲು ಮಾಡಬೇಕಾದ ಎರಡು ಕೆಲಸದಿಂದ. ಮೊದಲನೆಯದು ಪೊಲೀಸ್ ಕ್ಲಿಯರೆನ್ಸ್. 18 ವರ್ಷ ತುಂಬಿದ ಮೇಲೆ, ಕಳೆದ 10 ವರ್ಷಗಳಲ್ಲಿ ಸತತ ಆರು ತಿಂಗಳೋ ಹೆಚ್ಚೋ ವಾಸವಿದ್ದ ಪ್ರತಿ ದೇಶದ ಪ್ರಮಾಣಪತ್ರವನ್ನೂ ಕೆನಡಾ ಕೇಳುತ್ತದೆ. ಆಸ್ಟ್ರೇಲಿಯ ಒಟ್ಟು 12 ತಿಂಗಳ ಲೆಕ್ಕ ಹಿಡಿಯುತ್ತದೆ. ಗಲ್ಫ್ ಬಿಟ್ಟು ಊರಿಗೆ ಬಂದು ಕೂತ ಮೇಲೆ ಬೆರಳಚ್ಚು, ದೂತಾವಾಸದ ಮುದ್ರೆ ಎಂದು ತಿಂಗಳುಗಟ್ಟಲೆ ಅಲೆದಾಟ. ಅಲ್ಲಿದ್ದಾಗ ಅದು ಕೆಲವೇ ದಿನಗಳ ಕೆಲಸ. ಊರಿನದು ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ 500 ರೂಪಾಯಿಗೆ ಆಗುತ್ತದೆ, ಅದಕ್ಕೆ ಅವಸರವಿಲ್ಲ.

ಎರಡನೆಯದು ಅನುಭವ ಪತ್ರ. ಗಲ್ಫ್ ಕಂಪೆನಿಗಳು ಕೊಡುವ 'ಇವರು ನಮ್ಮಲ್ಲಿ ಇಂತಿಷ್ಟು ವರ್ಷ ಇದ್ದರು, ನಡತೆ ಉತ್ತಮ' ಎಂಬ ಪತ್ರ ಇಲ್ಲಿ ಕೆಲಸಕ್ಕೆ ಬಾರದು. ಹುದ್ದೆ, ಸೇರಿದ ಮತ್ತು ಬಿಟ್ಟ ತಾರೀಕು, ವಾರಕ್ಕೆ ಎಷ್ಟು ಗಂಟೆ, ವರ್ಷದ ಸಂಬಳ ಮತ್ತು ಸೌಲಭ್ಯ, ಮಾಡಿದ ಕೆಲಸಗಳ ವಿವರ – ಇಷ್ಟೂ ಕಂಪೆನಿಯ ಪತ್ರದಲ್ಲಿ, ಸಹಿ ಹಾಕಿದವರ ಹೆಸರು, ಹುದ್ದೆ, ಫೋನ್ ಸಮೇತ ಬೇಕು. ಪಾಸ್‌ಪೋರ್ಟಿನ ವೀಸಾದಲ್ಲಿ ನಿಮ್ಮ ಹುದ್ದೆ 'ಟೆಕ್ನಿಷಿಯನ್' ಎಂದಿದ್ದು ಪತ್ರದಲ್ಲಿ 'ಎಂಜಿನಿಯರ್' ಎಂದಿದ್ದರೆ ಪ್ರಶ್ನೆ ಬಂದೇ ಬರುತ್ತದೆ. ಗಲ್ಫಿನಲ್ಲಿ ಸಿಗುವ ವೀಸಾದ ಹುದ್ದೆ ಬೇರೆ, ಮಾಡುವ ಕೆಲಸ ಬೇರೆ ಎಂಬುದು ಸಾಮಾನ್ಯ. ಅದಕ್ಕೆ ವಿವರಣೆಯನ್ನು ಮೊದಲೇ ಬರೆದು, ಸಂಬಳ ಬ್ಯಾಂಕಿಗೆ ಬಿದ್ದ ದಾಖಲೆ ಸೇರಿಸಿ.

ಕುಶಲ ಕೆಲಸಗಾರರನ್ನು ಪಿಆರ್‌ಗೆ ಆರಿಸುವ ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಗೆ ಎರಡು ಜರಡಿ. ಫೆಡರಲ್ ಸ್ಕಿಲ್ಡ್ ವರ್ಕರ್ ಅರ್ಹತೆಗೆ 100ರಲ್ಲಿ 67 ಅಂಕ ಬೇಕು. ಸತತ ಒಂದು ವರ್ಷದ ಕುಶಲ ಕೆಲಸ, ಐಇಎಲ್‌ಟಿಎಸ್ ಜನರಲ್ ಟ್ರೇನಿಂಗ್ ಎಂಬ ಇಂಗ್ಲಿಷ್ ಪರೀಕ್ಷೆಯ ನಾಲ್ಕೂ ಭಾಗದಲ್ಲಿ ಕನಿಷ್ಠ 6. ಇದನ್ನು ದಾಟಿದವರು 1,200 ಅಂಕಗಳ ಇನ್ನೊಂದು ಪಟ್ಟಿಯಲ್ಲಿ ಸಾಲು ನಿಲ್ಲುತ್ತಾರೆ. ಅಲ್ಲಿ ವಯಸ್ಸಿನ ಪೂರ್ಣ ಅಂಕ 20ರಿಂದ 29ರ ವರೆಗೆ. ನಂತರ ವರ್ಷ ವರ್ಷಕ್ಕೂ ಇಳಿದು 45ಕ್ಕೆ ಸೊನ್ನೆ. ನಿಮ್ಮ 33ಕ್ಕೆ ಕಳೆದ ಅಂಕವನ್ನು ತುಂಬಿಕೊಡುವುದು ಮುಖ್ಯವಾಗಿ ಇಂಗ್ಲಿಷ್. ಕೇಳುವುದರಲ್ಲಿ 8, ಓದು, ಬರಹ, ಮಾತಿನಲ್ಲಿ ತಲಾ 7 ಬಂದರೆ ಭಾಷೆಯ ಅಂಕವೂ ಏರಿ, ಓದು-ಅನುಭವದ ಜೊತೆ ಸೇರಿ ಸಿಗುವ ಹೆಚ್ಚುವರಿ ಅಂಕವೂ ಬರುತ್ತದೆ. ನಾಲ್ಕರಲ್ಲಿ ಒಂದು ಭಾಗ ಅರ್ಧ ಅಂಕ ಕಡಿಮೆಯಾದರೂ ಈ ಲಾಭದ ದೊಡ್ಡ ಪಾಲು ಹೋಗುತ್ತದೆ. ಹಾಗಾಗಿ ಎರಡನೇ ಸಲ ಪರೀಕ್ಷೆ ಬರೆಯುವ ಹಣ ದಂಡವಲ್ಲ. ಫಲಿತಾಂಶ ಎರಡು ವರ್ಷ ಮಾತ್ರ ಊರ್ಜಿತ. ಯಾರೋ ಜಾಬ್ ಆಫರ್ ಮಾರುತ್ತೇವೆಂದು ಬಂದರೆ ಮಾತೇ ಆಡಬೇಡಿ: 2025ರ ಮಾರ್ಚ್ 25ರಿಂದ ಆ ಪಟ್ಟಿಯಲ್ಲಿ ಜಾಬ್ ಆಫರಿಗೆ ಅಂಕವೇ ಇಲ್ಲ.

ಹಣದ ಪುರಾವೆಯಲ್ಲಿ ನಮ್ಮ ಊರಿನವರು ಎಡವುವುದು ಹೆಚ್ಚು. 2025ರ ಜುಲೈ ಪಟ್ಟಿಯಂತೆ ಒಬ್ಬರಿಗೆ 15,263 ಕೆನಡಿಯನ್ ಡಾಲರ್, ನಾಲ್ವರ ಕುಟುಂಬಕ್ಕೆ 28,362. ತೋಟದ ಬೆಲೆ, ಮನೆ, ಚಿನ್ನ ಯಾವುದೂ ಲೆಕ್ಕಕ್ಕಿಲ್ಲ. ಸಾಲದ ಹಣವೂ ಆಗದು. ಬ್ಯಾಂಕಿನ ಪತ್ರದಲ್ಲಿ ಆರು ತಿಂಗಳ ಸರಾಸರಿ ಬಾಕಿ ನಮೂದಾಗಬೇಕು. ಅಡಿಕೆ ಮಾರಿದ ಹಣ ಒಮ್ಮೆಲೇ ಬಿದ್ದಿದ್ದರೆ ಮಂಡಿಯ ಬಿಲ್ಲು ಇಟ್ಟುಕೊಳ್ಳಿ. ತಂದೆ ಕೊಟ್ಟದ್ದಾದರೆ, ಮರಳಿ ಕೇಳುವುದಿಲ್ಲವೆಂಬ ದಾನಪತ್ರ ಬೇಕು. ಆಹ್ವಾನ ಬಂದ ಮೇಲೆ ಸಿಗುವುದು 60 ದಿನ. ಅಷ್ಟರಲ್ಲಿ ಎಲ್ಲ ಕೂಡಿಸುತ್ತೇನೆಂದು ಹೊರಟವರಿಗೆ ಸಮಯ ಸಾಲುವುದಿಲ್ಲ. ವೈದ್ಯಕೀಯ ತಪಾಸಣೆಯನ್ನೂ 2025ರ ಆಗಸ್ಟಿನಿಂದ ಅರ್ಜಿಗೆ ಮೊದಲೇ ಮುಗಿಸಿರಬೇಕು.

ಆಸ್ಟ್ರೇಲಿಯದಲ್ಲಿ ಆಹ್ವಾನ ಬರುವಾಗ 45 ತುಂಬಿರಬಾರದು, ಕನಿಷ್ಠ 65 ಅಂಕ. 65 ಎಂದರೆ ಬಾಗಿಲು ಮಾತ್ರ. 189 ಎಂಬ ಸ್ವತಂತ್ರ ವೀಸಾಕ್ಕೆ ಕರೆ ಬರುವುದು ಅದಕ್ಕಿಂತ ಬಹಳ ಮೇಲಿನವರಿಗೆ. 25ರಿಂದ 32ರ ವಯಸ್ಸಿಗೆ 30 ಅಂಕವಿದೆ, 33 ತುಂಬಿದ ನಿಮಗೆ 25. ಐಇಎಲ್‌ಟಿಎಸ್ ಎಲ್ಲ ಭಾಗದಲ್ಲೂ 7 ಬಂದರೆ 10, ಎಲ್ಲದರಲ್ಲೂ 8 ಬಂದರೆ 20. ರಾಜ್ಯವೊಂದು ನಾಮನಿರ್ದೇಶನ ಮಾಡಿದರೆ 190ರಲ್ಲಿ 5, ಪ್ರಾದೇಶಿಕ 491ರಲ್ಲಿ 15 ಸೇರುತ್ತದೆ. 491 ತಾತ್ಕಾಲಿಕ, ನಿಗದಿತ ಪ್ರದೇಶದಲ್ಲಿ ಮೂರು ವರ್ಷ ಕಳೆದ ಮೇಲೆ 191ರ ಮೂಲಕ ಪಿಆರ್. ನಿಮ್ಮಂಥವರಿಗೆ ಇದೇ ಹೆಚ್ಚು ನಂಬಬಹುದಾದ ದಾರಿ. ಎಂಜಿನಿಯರ್ಸ್ ಆಸ್ಟ್ರೇಲಿಯ ಸಂಸ್ಥೆಯಿಂದ ಕೌಶಲ ಮೌಲ್ಯಮಾಪನ ಮೊದಲು ಆಗಬೇಕು.

ಗಡಿಯವರಿಗೆ ಇನ್ನೊಂದು ಮಾತು. ಮಂಗಳೂರಿನಲ್ಲಿ ಓದಿದವರ ಪದವಿ ಪ್ರಮಾಣಪತ್ರದ ದೃಢೀಕರಣ ಕರ್ನಾಟಕ ಸರಕಾರದ ಶಿಕ್ಷಣ ಇಲಾಖೆಯಲ್ಲಿ ಆಗಬೇಕು. ಮನೆ ವಿಳಾಸ ಕಾಸರಗೋಡು ಎಂದು ಕೋಝಿಕ್ಕೋಡಿನ ನೋರ್ಕ ಕಚೇರಿಗೆ ಹೋದರೆ ದಿನ ಹಾಳು. ಅಲ್ಲಿ ಆಗುವುದು ಕೇರಳದ ಸಂಸ್ಥೆಗಳು ಕೊಟ್ಟ ಪ್ರಮಾಣಪತ್ರ. ಯುಎಇ, ಕತಾರ್, ಕುವೈತ್‌ಗಳಿಗೆ ಅಪೊಸ್ಟಿಲ್ (ನಮ್ಮ ವಿದೇಶಾಂಗ ಸಚಿವಾಲಯದ ಅಂತಾರಾಷ್ಟ್ರೀಯ ದೃಢೀಕರಣ ಮುದ್ರೆ) ನಡೆಯುವುದಿಲ್ಲ, ದೂತಾವಾಸದ ಮುದ್ರೆಯೇ ಬೇಕು. ಸೌದಿ, ಒಮಾನ್, ಬಹರೈನ್‌ಗಳಿಗೆ ಅಪೊಸ್ಟಿಲ್ ಸಾಕು.

ಪ್ರಶ್ನೆ: ಮಗಳು ನೆದರ್ಲೆಂಡ್ಸಿನಲ್ಲಿದ್ದಾಳೆ. ನಮಗೆ ಎರಡು ವರ್ಷದ ಬಹುಪ್ರವೇಶ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಸಿಕ್ಕಿದೆ. ಮಾರ್ಚ್ 1ಕ್ಕೆ ಹೋಗಿ ಮೇ 29ಕ್ಕೆ ಹೊರಟರೆ ಮತ್ತೆ ಯಾವಾಗ ಹೋಗಬಹುದು?
– ಜತ್ತದ ಓದುಗರು

ಉತ್ತರ: ಆಗಸ್ಟ್ 28. ಲೆಕ್ಕ ಹೀಗೆ: ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ, ಇಳಿದ ದಿನವೂ ಹೊರಟ ದಿನವೂ ಸೇರಿ. ಮಾರ್ಚಿನ 31, ಏಪ್ರಿಲಿನ 30, ಮೇಯ 29 – ಅಲ್ಲಿಗೆ 90 ತುಂಬಿತು. ಮರಳಿ ಹೋಗುವ ದಿನದಿಂದ ಹಿಂದಕ್ಕೆ 180 ದಿನ ಎಣಿಸಿ. ಆಗಸ್ಟ್ 27ಕ್ಕೆ ನಿಂತು ಎಣಿಸಿದರೆ ಮಾರ್ಚ್ 1 ಇನ್ನೂ ಒಳಗಿದೆ, ಆ ದಿನ ಇಳಿದರೆ 91 ಆಗುತ್ತದೆ. 28ಕ್ಕೆ ಮಾರ್ಚ್ 1 ಹೊರಗೆ ಬಿದ್ದು, 89ರ ಜೊತೆ ಅಂದಿನ ಒಂದು ದಿನ ಸೇರಿ 90. ಆಮೇಲೆ ದಿನಕ್ಕೊಂದು ಹಳೆಯ ದಿನ ಕಳಚುತ್ತ ಹೋಗುವುದರಿಂದ ಮತ್ತೆ 90 ದಿನ ಇರಬಹುದು. ಈ ಮಧ್ಯೆ ಜರ್ಮನಿ, ಫ್ರಾನ್ಸ್ ಸುತ್ತಿದರೂ ಲೆಕ್ಕ ಒಂದೇ, ಐರ್ಲೆಂಡಿನದು ಬೇರೆ.

ಇಲ್ಲಿ ವಿಸ್ತರಣೆಯನ್ನು ನೆಚ್ಚಿಕೊಳ್ಳಬೇಡಿ. ಆಸ್ಪತ್ರೆಗೆ ಸೇರಿದ್ದು, ವಿಮಾನಗಳೇ ನಿಂತುಹೋದದ್ದು ಇಂಥ ಕಾರಣಕ್ಕೆ ಉಚಿತವಾಗಿ, ಗಂಭೀರ ವೈಯಕ್ತಿಕ ಕಾರಣಕ್ಕೆ 30 ಯೂರೋ ಪಡೆದು ಕೊಡುತ್ತಾರೆ. ಮೊಮ್ಮಗುವಿನ ಹುಟ್ಟುಹಬ್ಬ ಅದರಲ್ಲಿ ಬರುವುದಿಲ್ಲ. ಹಿಂದೆ ಒಂದೆರಡು ದಿನ ಹೆಚ್ಚಾದರೆ ಮುದ್ರೆ ನೋಡುವವರು ಎಣಿಸದೆ ಬಿಟ್ಟದ್ದುಂಟು. 2025ರ ಅಕ್ಟೋಬರ್ 12ರಿಂದ ಶುರುವಾದ ಹೊಸ ವ್ಯವಸ್ಥೆಯಲ್ಲಿ ಬೆರಳಚ್ಚು, ಮುಖದ ಚಿತ್ರದೊಂದಿಗೆ ಯಂತ್ರವೇ ದಿನ ಎಣಿಸುತ್ತದೆ.

ಪ್ರಶ್ನೆ: ಮಗ ಅಮೆರಿಕದ ಪ್ರಜೆ. ನಮಗೆ ಗ್ರೀನ್ ಕಾರ್ಡ್ ಮಾಡಿಸುತ್ತಾನಂತೆ. ನಾನು ಹುಟ್ಟಿದ್ದು 1953ರಲ್ಲಿ, ಮನೆಯಲ್ಲಿ. ಜನನ ಪತ್ರವಿಲ್ಲ. ಮಗನ ಜನನ ಪತ್ರದಲ್ಲಿ ನನ್ನ ಹೆಂಡತಿಯ ಹೆಸರು ಬೇರೆ ತರ ಇದೆ, ಜಿಲ್ಲೆ 'ಕಣ್ಣೂರು' ಎಂದಿದೆ.
– ಪೆರ್ಲದ ಓದುಗರು

ಉತ್ತರ: ಹೆತ್ತವರಿಗೆ ಅರ್ಜಿ ಹಾಕಲು ಮಗ ಪ್ರಜೆಯಾಗಿದ್ದು 21 ತುಂಬಿರಬೇಕು. ಗ್ರೀನ್ ಕಾರ್ಡ್ ಮಾತ್ರ ಇರುವ ಮಕ್ಕಳಿಗೆ ಆ ಹಕ್ಕಿಲ್ಲ. ತಂದೆಗೊಂದು, ತಾಯಿಗೊಂದು ಐ-130 ಅರ್ಜಿ. ಆನ್‌ಲೈನಿನಲ್ಲಿ ತಲಾ 625 ಡಾಲರ್.

ಕಣ್ಣೂರು ಎಂದಿರುವುದು ತಪ್ಪಲ್ಲ. ಕಾಸರಗೋಡು ಜಿಲ್ಲೆಯಾದದ್ದು 1984ರ ಮೇ 24ರಂದು. ಅದಕ್ಕೆ ಮೊದಲು ನಮ್ಮ ತಾಲೂಕು ಕಣ್ಣೂರು ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ಕ್ಕೆ ಮೊದಲು ಮದರಾಸು ರಾಜ್ಯದ ದಕ್ಷಿಣ ಕನ್ನಡ. ಒಂದೇ ಮನೆಯಲ್ಲಿ ತಂದೆ ದಕ್ಷಿಣ ಕನ್ನಡ, ಮಗ ಕಣ್ಣೂರು, ಮೊಮ್ಮಗಳು ಕಾಸರಗೋಡು ಎಂದಿರುವುದು ಸಹಜ. ಊರು ಒಂದೇ, ಜಿಲ್ಲೆಯ ಹೆಸರು ಈ ತಾರೀಕುಗಳಲ್ಲಿ ಬದಲಾಯಿತು ಎಂದು ಅರ್ಧ ಪುಟದ ಟಿಪ್ಪಣಿ ಲಗತ್ತಿಸಿ. ತಾಳವಾಡಿಯ ಓದುಗರಿಗೂ ಇದೇ ಸಮಸ್ಯೆ: ಹಳೆಯ ಕಾಗದದಲ್ಲಿ ಕೊಯಮತ್ತೂರು, ಹೊಸದರಲ್ಲಿ ಈರೋಡು.

ನಿಮ್ಮ ಜನನಕ್ಕೆ ಪಂಚಾಯತಿನಿಂದ 'ದಾಖಲೆ ಲಭ್ಯವಿಲ್ಲ' ಎಂಬ ಪತ್ರ ಪಡೆಯಿರಿ. ಅದರ ಜೊತೆ ಶಾಲೆಯ ಪ್ರಮಾಣಪತ್ರ, ಮತ್ತು ನಿಮ್ಮ ಹುಟ್ಟನ್ನು ಬಲ್ಲ ಹಿರಿಯರ ಅಫಿಡವಿಟ್. ಹೆಂಡತಿಯ ಹೆಸರಿನದು ಹೆಚ್ಚು ಮುಖ್ಯ. ತವರಿನ ಹೆಸರು ಒಂದು, ಮದುವೆಯಾದ ಮೇಲೆ ಇಟ್ಟ ಹೆಸರು ಇನ್ನೊಂದು, ರೇಷನ್ ಕಾರ್ಡಿನಲ್ಲಿ 'ಅಮ್ಮ' ಸೇರಿಸಿದ್ದು ಮತ್ತೊಂದು – ಹಳೆಯ ಮನೆಗಳಲ್ಲಿ ಎಲ್ಲೆಲ್ಲೂ ಹೀಗೇ. ಪಾಸ್‌ಪೋರ್ಟಿನಲ್ಲಿರುವುದನ್ನು ಆಧಾರವಾಗಿಟ್ಟು, ಮಗನ ಜನನ ದಾಖಲೆಯನ್ನು ಪಂಚಾಯತಿನಲ್ಲೇ ತಿದ್ದಿಸಲು ಮೊದಲು ಪ್ರಯತ್ನಿಸಿ. ಆಗದಿದ್ದರೆ ಮಾತ್ರ ಅಫಿಡವಿಟ್.

ಆದರೆ ಒಂದು ಪ್ರಶ್ನೆ ನಿಮ್ಮನ್ನೇ ಕೇಳಿಕೊಳ್ಳಿ: ವರ್ಷದಲ್ಲಿ ಎಷ್ಟು ತಿಂಗಳು ತೋಟ ಬಿಟ್ಟಿರುತ್ತೀರಿ? ಗ್ರೀನ್ ಕಾರ್ಡ್ ಎಂದರೆ ಅಲ್ಲಿಯೇ ವಾಸ ಎಂದರ್ಥ. 180 ದಿನ ಮೀರಿ ಹೊರಗಿದ್ದರೆ ಮರಳುವಾಗ ವಿಚಾರಣೆ. ಒಂದು ವರ್ಷವಾದರೆ ಕಾರ್ಡಿನ ಬಲದಿಂದ ಒಳಹೋಗಲಾಗದು. ಅಂಥ ಪ್ರಯಾಣವಿದ್ದರೆ ಹೊರಡುವ ಮೊದಲು, ಅಲ್ಲಿದ್ದಾಗಲೇ, ಐ-131ರಲ್ಲಿ ಮರುಪ್ರವೇಶ ಪರವಾನಗಿಗೆ ಅರ್ಜಿ ಹಾಕಿರಬೇಕು. ಅದು ಎರಡು ವರ್ಷದ್ದು. ಮೆಡಿಕೇರ್ ಎಂಬ ಅಲ್ಲಿನ ಸರಕಾರಿ ಆರೋಗ್ಯ ವಿಮೆಗೆ 65 ದಾಟಿದ ಹೊಸಬರು ಐದು ವರ್ಷ ಅಲ್ಲಿ ವಾಸವಿದ್ದ ಮೇಲೇ ಹಣ ಕಟ್ಟಿ ಸೇರಬಹುದು. ಮಳೆಗಾಲಕ್ಕೆ ಮದ್ದು ಬಿಡಲು, ಚಳಿಗಾಲಕ್ಕೆ ಅಡಿಕೆ ಕೊಯ್ಲಿಗೆ ಊರಲ್ಲೇ ಇರಬೇಕೆನ್ನುವವರಿಗೆ 10 ವರ್ಷದ ಪ್ರವಾಸಿ ವೀಸಾವೇ ಒಳ್ಳೆಯದು. ವಲಸೆ ಅರ್ಜಿ ಹಾಕಿದ ಮೇಲೆ ಪ್ರವಾಸಿ ವೀಸಾ ನವೀಕರಣ ಕಷ್ಟವಾಗುತ್ತದೆ. ಆದ್ದರಿಂದ ತೀರ್ಮಾನ ಮಾಡಿ ಆಮೇಲೆ ಅರ್ಜಿ ಹಾಕಿಸಿ.

ಪ್ರಶ್ನೆ: ಕೆನಡಾ ಪಿಆರ್ ಸಿಕ್ಕಿದ ಮೇಲೆ ಊರಲ್ಲಿ ತೋಟ ಕೊಳ್ಳಬಹುದೇ? ತಂದೆಯ ತೋಟ ನನ್ನ ಹೆಸರಿಗೆ ಆಗುತ್ತದೆಯೇ?
– ಮಂಜೇಶ್ವರದ ಓದುಗರು

ಉತ್ತರ: ಪಿಆರ್ ಪಡೆದರೂ ನೀವು ಭಾರತದ ಪ್ರಜೆಯೇ, ಪಾಸ್‌ಪೋರ್ಟು, ಮತದ ಹಕ್ಕು ಹೋಗುವುದಿಲ್ಲ. ಆದರೆ ಅಲ್ಲಿಗೆ ನೆಲೆಸಲು ಹೋದ ಮೇಲೆ ವಿದೇಶಿ ವಿನಿಮಯ ಕಾನೂನಾದ ಫೆಮಾದಂತೆ ಅನಿವಾಸಿ. ಅನಿವಾಸಿಗಳು ಮನೆ, ಫ್ಲಾಟು, ಅಂಗಡಿ ಕೊಳ್ಳಬಹುದು. ಕೃಷಿಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಹೋಗುವ ಮೊದಲೇ ನಿಮ್ಮ ಹೆಸರಿನಲ್ಲಿದ್ದದ್ದನ್ನು ಇಟ್ಟುಕೊಳ್ಳಬಹುದು. ತಂದೆಯ ತೋಟ ಉತ್ತರಾಧಿಕಾರದಿಂದ ಅಥವಾ ಮರಣಶಾಸನದಿಂದ ಬಂದರೆ ಅಡ್ಡಿಯಿಲ್ಲ. ಅನಿವಾಸಿಯಾದ ಮೇಲೆ ದಾನಪತ್ರದ ಮೂಲಕ ಬರೆಸಿಕೊಂಡರೆ ಕಾನೂನಿಗೆ ವಿರುದ್ಧ. ನೋಂದಣಿ ಕಚೇರಿಯಲ್ಲಿ ಯಾರೂ ತಡೆಯದೆ ಇರಬಹುದು, ತಕರಾರು ಮಾರುವ ದಿನ ಏಳುತ್ತದೆ. ಹಾಗಾಗಿ ತಂದೆಗೆ ಮನಸ್ಸಿದ್ದರೆ ದಾನಪತ್ರದ ಕೆಲಸ ನೀವು ವಿಮಾನ ಹತ್ತುವ ಮೊದಲೇ ಮುಗಿಯಲಿ. ಮುಂದೆ ಮಾರುವಾಗ ಭಾರತದಲ್ಲಿ ವಾಸವಿರುವ ಭಾರತದ ಪ್ರಜೆಗೆ ಮಾತ್ರ ಮಾರಬಹುದು. ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಎಂಬ ಅನಿವಾಸಿಗಳ ಖಾತೆಯಾಗಿ ಮಾಡಿಸುವುದನ್ನೂ ಮರೆಯಬೇಡಿ.

ಪಿಆರ್ ಉಳಿಸಿಕೊಳ್ಳಲು ಐದು ವರ್ಷದಲ್ಲಿ 730 ದಿನ ಕೆನಡಾದಲ್ಲಿ ಇರಬೇಕು, ಸತತವಾಗಿಯೇ ಆಗಬೇಕೆಂದಿಲ್ಲ. ಅಲ್ಲಿನ ಪೌರತ್ವ ತೆಗೆದುಕೊಂಡ ದಿನ ಮಾತ್ರ ಭಾರತದ ಪೌರತ್ವ ಹೋಗುತ್ತದೆ. ಆಗ ಪಾಸ್‌ಪೋರ್ಟು ಒಪ್ಪಿಸಬೇಕು, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಮಾಡಿಸಿಕೊಳ್ಳಬಹುದು.

ಪ್ರಶ್ನೆ: ಬಿಎಸ್‌ಸಿ ನರ್ಸಿಂಗ್ ಮುಗಿಸಿದ್ದೇನೆ. ಜರ್ಮನಿಗೆ ಹೋದರೆ ಖಾಯಂ ನೆಲೆ ಎಷ್ಟು ವರ್ಷಕ್ಕೆ?
– ಕಾಞಂಗಾಡಿನ ಓದುಗರು

ಉತ್ತರ: ಕುಶಲ ಕೆಲಸಗಾರರಿಗೆ ಮೂರು ವರ್ಷ. 36 ತಿಂಗಳ ಪಿಂಚಣಿ ವಂತಿಗೆ, ಬಿ1 ಎಂಬ ಮಧ್ಯಮ ಮಟ್ಟದ ಜರ್ಮನ್, ಸಾಕಷ್ಟು ಜಾಗದ ಮನೆ, ಅಲ್ಲಿನ ಕಾನೂನು-ಸಮಾಜದ ಪರೀಕ್ಷೆ ಬೇಕು. ನೋರ್ಕ ರೂಟ್ಸ್ ಜರ್ಮನಿಯ ಸರಕಾರಿ ಸಂಸ್ಥೆಗಳೊಂದಿಗೆ ನಡೆಸುವ ಟ್ರಿಪಲ್ ವಿನ್ ಯೋಜನೆಯಲ್ಲಿ ಅಭ್ಯರ್ಥಿಗಳು ನೇಮಕಾತಿ ಶುಲ್ಕ ಕೊಡಬೇಕಿಲ್ಲ. ಅದೇ ಜಾಗಕ್ಕೆ ಲಕ್ಷಗಟ್ಟಲೆ ಕೇಳುವವರ ಹತ್ತಿರ ಹೋಗುವ ಮುನ್ನ ಅಲ್ಲಿ ಹೆಸರು ಕೊಡಿ. ಭಾಷೆಯ ಲೆಕ್ಕ ಸರಿಯಾಗಿ ತಿಳಿದಿರಲಿ: ಬಿ1 ಇಟ್ಟುಕೊಂಡು ಹೋದರೂ ದಾದಿಯೆಂದು ಪೂರ್ಣ ನೋಂದಣಿಗೆ ಸಾಮಾನ್ಯವಾಗಿ ಅದರ ಮೇಲಿನ ಮಟ್ಟವಾದ ಬಿ2 ಬೇಕಾಗುತ್ತದೆ. ಅಷ್ಟರ ತನಕ ಸಹಾಯಕಿಯ ದರ್ಜೆ, ಸಹಾಯಕಿಯ ಸಂಬಳ. ಊರಲ್ಲಿದ್ದಾಗಲೇ ಬಿ2 ಓದಲು ಶುರು ಮಾಡಿದವರು ಅಲ್ಲಿ ಬೇಗ ಮೇಲೇರುತ್ತಾರೆ. ಗೋಥೆ ಸಂಸ್ಥೆ ಅಥವಾ ಅದೇ ಮಾನ್ಯತೆಯ ಪರೀಕ್ಷೆಯ ಪ್ರಮಾಣಪತ್ರ ಮಾತ್ರ ಒಪ್ಪುತ್ತಾರೆ, ಕಲಿಸಿದ ತರಬೇತಿ ಕೇಂದ್ರ ಕೊಟ್ಟದ್ದು ನಡೆಯುವುದಿಲ್ಲ.